ಮಸಿ ಬೀಳದ ಹಾಳೆ

ಮನೆಯಲ್ಲಿ ಬಳಸುವ ಯಂತ್ರಗಳಲ್ಲಿ ಬಹುಪಾಲಿನವು ಕೆಟ್ಟಾಗ ತಮ್ಮ ಕೇಡನ್ನು ಯಾವುದಾದರೊಂದು ವಿಧದಿಂದ ತಿಳಿಸಿಯೇ ತಿಳಿಸುತ್ತವೆ. ಫ್ಯಾನು ತಿರುಗುವುದನ್ನು ನಿಲ್ಲಿಸುತ್ತದೆ, ಮಿಕ್ಸಿ ಗೊರಗುಟ್ಟುತ್ತದೆ, ಇಸ್ತ್ರಿಪೆಟ್ಟಿಗೆ ಕಾಯದೆ ತಣ್ಣಗಿರುತ್ತದೆ. ಆದರೆ ಇಂಕ್‌ಜೆಟ್ ಪ್ರಿಂಟರ್ ಎಂಬ ಈ ಪುಟ್ಟ ಮುದ್ರಣಯಂತ್ರವು, ತನ್ನ ಕೆಲಸವನ್ನೆಲ್ಲ ಯಥಾವಿಧಿಯಾಗಿ ನೆರವೇರಿಸುತ್ತಿರುವಂತೆ ಸದ್ದುಮಾಡುತ್ತ, ಹಾಳೆಯನ್ನು ಒಳಗೆಳೆದುಕೊಂಡು, ಅದರ ಮೇಲೆ ಶಾಯಿ ಚಿಮ್ಮಿಸುವ ತನ್ನ ಹೆಡ್ಡನ್ನು ಹಿಂದಕ್ಕೂ ಮುಂದಕ್ಕೂ ಓಡಾಡಿಸಿ, ಕಡೆಗೆ ಆ ಹಾಳೆಯನ್ನು ಒಳಹೊಕ್ಕಾಗ ಹೇಗಿತ್ತೋ ಹಾಗೆಯೇ, ಚುಕ್ಕೆಯೊಂದೂ ಬೀಳದಂತೆ, ಅಚ್ಚಬಿಳುಪಾಗಿ ಹೊರಕ್ಕೆ ನೀಡಿ, ಹಸುರು ದೀಪವನ್ನು ಉರಿಸಿಕೊಂಡು ಮುಂದಿನ ಆಜ್ಞೆಗಾಗಿ ಕಾದು ನಿಲ್ಲುವುದುಂಟು. ನೋಡುವವರಿಗೆ ಇದು ವಿಚಿತ್ರವಾಗಿ ತೋರಿದರೂ ಇದರ ಕಾರಣ ಗಹನವಾದದ್ದೇನೂ ಅಲ್ಲ. ಮನೆಬಳಕೆಯ ಈ ಯಂತ್ರಗಳಲ್ಲಿ ಬಹುತೇಕವಾದವಕ್ಕೆ ಹಾಳೆಯ ಮೇಲೆ ಏನು ಬಿದ್ದಿತೆಂದು ನೋಡುವ ಕಣ್ಣಿಲ್ಲ. ಎಷ್ಟು ಹನಿಗಳನ್ನು ಹಾರಿಸಬೇಕೆಂದು ತಾನು ಆಜ್ಞಾಪಿಸಿದೆ ಎಂಬ ಲೆಕ್ಕವಷ್ಟೇ ಅದರ ಬಳಿ ಇರುತ್ತದೆ. ಆ ಹನಿಗಳು ನಿಜವಾಗಿ ಹಾರಿದವೇ ಇಲ್ಲವೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಶಾಯಿ ಇನ್ನೂ ಅರ್ಧ ಉಳಿದಿದೆಯೆಂದು ಕಾಣುವ ಚಿತ್ರವೂ ಅನೇಕ ಮಾದರಿಗಳಲ್ಲಿ ಈ ಆಜ್ಞೆಗಳ ಎಣಿಕೆಯಿಂದ ಹುಟ್ಟಿದ ಅನುಮಾನಪ್ರಮಾಣವೇ ಹೊರತು ಪ್ರತ್ಯಕ್ಷಪ್ರಮಾಣವಲ್ಲ. ಆದಕಾರಣ ಬರಿ ಹಾಳೆಯನ್ನು ಕೈಯಲ್ಲಿ ಹಿಡಿದವರು ಯಂತ್ರದ ಮಾತನ್ನು ನಂಬದೆ, ತಾವೇ ಪರೀಕ್ಷೆಗೆ ತೊಡಗಬೇಕಾಗುತ್ತದೆ.

ಹೊಸಪೇಟೆಯಿಂದ ಕಮಲಾಪುರದ ಮಾರ್ಗವಾಗಿ ಹಂಪೆಗೆ ಹೋಗುವವರು ಹಾದುಹೋಗುವ ಮಲಪನಗುಡಿಯಂಥ ಊರುಗಳಲ್ಲಿ ಇಂದು ಪ್ರಿಂಟರ್ ಇರುವ ಮನೆಗಳು ಅಪರೂಪವಾಗಿ ಉಳಿದಿಲ್ಲ. ಮಕ್ಕಳ ಶಾಲೆಯ ಪ್ರಾಜೆಕ್ಟು, ಪರೀಕ್ಷೆಯ ಹಾಲ್ ಟಿಕೆಟ್ಟು, ಹೊಲದ ಪಹಣಿ, ಆಧಾರದ ಪ್ರತಿ, ಸಮೀಪದ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವರ ಪ್ರಬಂಧದ ಕರಡು, ಹೀಗೆ ಹಾಳೆಯ ಮೇಲೆ ಇಳಿಯಲೇಬೇಕಾದ ಸಂಗತಿಗಳು ದಿನದಿನಕ್ಕೆ ಹೆಚ್ಚುತ್ತಿರುವಾಗ, ಪ್ರತಿಯೊಂದಕ್ಕೂ ಹೊಸಪೇಟೆಯ ಜೆರಾಕ್ಸ್ ಅಂಗಡಿಗೆ ಓಡುವುದಕ್ಕಿಂತ ಮನೆಯಲ್ಲೊಂದು ಯಂತ್ರವಿರಲಿ ಎಂದು ಜನ ಬಯಸುವುದು ಸಹಜವೇ. ಆದರೆ ಈ ಯಂತ್ರವನ್ನು ರೂಪಿಸಿದವರು ಮನಸ್ಸಿನಲ್ಲಿಟ್ಟುಕೊಂಡಿದ್ದ ಕೋಣೆಯೇ ಬೇರೆ, ಅದು ಬಂದು ಕುಳಿತಿರುವ ಕೋಣೆಯೇ ಬೇರೆ. ಅನೇಕ ಮಾದರಿಗಳ ಕೈಪಿಡಿಗಳು ಕೋಣೆಯ ಉಷ್ಣತೆ 10ರಿಂದ 35 ಡಿಗ್ರಿಯೊಳಗಿರಬೇಕೆಂದು ವಿಧಿಸುತ್ತವೆ. ನಮ್ಮ ಕಡೆ ಬೇಸಗೆಯಲ್ಲಿ ಪಾದರಸ 40ನ್ನು ಮುಟ್ಟುವುದು ಯಾರಿಗೂ ಸುದ್ದಿಯೆನಿಸುವುದಿಲ್ಲ. ಇದರ ಮೇಲೆ ಸಂಡೂರಿನ ಅದಿರಿನ ಕೆಂಧೂಳಿ, ಕಂಪ್ಲಿಯ ಕಡೆಯ ಸುಗ್ಗಿಯ ಹೊಟ್ಟು, ಹೇಳದೆ ಕೇಳದೆ ಹೋಗಿಬಿಡುವ ಕರೆಂಟು. ಬರಿ ಹಾಳೆಯ ಸಮಸ್ಯೆ ಲೋಕದಲ್ಲೆಲ್ಲ ಇರುವುದೇ ಆದರೂ ಈ ಸೀಮೆಯಲ್ಲಿ ಅದು ಇಷ್ಟು ಪದೇಪದೇ ತಲೆದೋರುವುದಕ್ಕೆ ಮುಖ್ಯ ಹೇತುಗಳು ಇವೇ ಎಂದು ನನ್ನ ದೃಢವಾದ ನಂಬಿಕೆ.

ಮುದ್ರಣವು ಈ ಪ್ರಾಂತಕ್ಕೆ ಹೊಸತಲ್ಲವೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. ಕನ್ನಡದ ಮೊದಲ ವೃತ್ತಪತ್ರಿಕೆಯೆನಿಸಿದ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡಿಸಿದನಷ್ಟೆ; ಆ ಪತ್ರಿಕೆ ಮರುವರ್ಷವೇ ಬಳ್ಳಾರಿಗೆ ಬಂದು, ‘ಕನ್ನಡ ಸಮಾಚಾರ’ವೆಂಬ ಹೊಸ ಹೆಸರನ್ನು ಧರಿಸಿ, ಅಲ್ಲಿ ಅಚ್ಚುಮೊಳೆಗಳಿಂದ ಮುದ್ರಿತವಾಗತೊಡಗಿತು. ಕಲ್ಲಚ್ಚಿನಲ್ಲಾಗಲಿ ಮೊಳೆಯಚ್ಚಿನಲ್ಲಾಗಲಿ ಮಸಿಯನ್ನು ಹೊತ್ತ ಮೈಯೊಂದು ಕಾಗದಕ್ಕೆ ಒತ್ತಿ ತಾಗಲೇಬೇಕಾಗಿತ್ತು. ಮಸಿ ಹಚ್ಚುವುದು ತಪ್ಪಿದರೆ ಮುಂದೆ ನಿಂತ ಕೆಲಸಗಾರನ ಕಣ್ಣಿಗೆ ಅದು ಆ ಕ್ಷಣವೇ ಬೀಳುತ್ತಿತ್ತು. ಇಂಕ್‌ಜೆಟ್ಟಿನ ವೈಶಿಷ್ಟ್ಯವೇ ಈ ಸ್ಪರ್ಶವನ್ನು ತೊರೆದುದರಲ್ಲಿದೆ. ಇಲ್ಲಿ ಯಾವುದೂ ಕಾಗದವನ್ನು ಒತ್ತುವುದಿಲ್ಲ; ಶಾಯಿ ಕಾಗದದ ಮೇಲ್ಗಡೆಯಿಂದ, ಕಿರಿದಾದೊಂದು ಅವಕಾಶವನ್ನು ದಾಟಿ, ಹಾರಿ ಬಂದು ಕೂರುತ್ತದೆ. ಈ ವಿಚಾರದ ಬೀಜವನ್ನು ಲಾರ್ಡ್ ಕೆಲ್ವಿನ್ ಎಂದು ಮುಂದೆ ಪ್ರಖ್ಯಾತನಾದ ವಿಲಿಯಂ ಥಾಮ್ಸನ್, ಸಮುದ್ರದಡಿಯ ತಂತಿಯ ಸಂದೇಶಗಳನ್ನು ಬರೆದಿಡುವುದಕ್ಕಾಗಿ 1867ರಲ್ಲಿ ಕಲ್ಪಿಸಿದ ಯಂತ್ರದಲ್ಲಿಯೇ ಕಾಣಬಹುದು. ಅದರಲ್ಲಿ ಸೂಕ್ಷ್ಮವಾದ ಗಾಜಿನ ನಳಿಕೆಯಿಂದ ಶಾಯಿಯು ವಿದ್ಯುದಾಕರ್ಷಣೆಗೊಳಗಾಗಿ ಕಾಗದದ ಪಟ್ಟಿಯ ಮೇಲೆ ಚಿಮ್ಮುತ್ತಿತ್ತು. ಆದರೆ ಮನೆಯ ಮೇಜಿನ ಮೇಲೆ ಕೂರಬಲ್ಲ ರೂಪ ಅದಕ್ಕೆ ಬಂದದ್ದು ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದಮೇಲೆ. ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ 1977ರಲ್ಲಿ ಇಚಿರೊ ಎಂಡೊ ಎಂಬ ತಂತ್ರಜ್ಞನ ಸನ್ನಿಧಿಯಲ್ಲಿ, ಕಾದ ಬೆಸುಗೆಯ ಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಅಕಸ್ಮಾತ್ತಾಗಿ ತಾಗಿ, ಸೂಜಿಯ ತುದಿಯಿಂದ ಶಾಯಿ ಪುಟಿದು ಬಂದಿತಂತೆ; ಶಾಖದಿಂದ ಹನಿಯನ್ನು ಹಾರಿಸಬಹುದೆಂಬ ತತ್ತ್ವ ಹೊಳೆದದ್ದು ಹೀಗೆ. ಬಹುಮಟ್ಟಿಗೆ ಅದೇ ಕಾಲದಲ್ಲಿ ಅಮೆರಿಕದ ಎಚ್‌ಪಿ ಸಂಸ್ಥೆಯವರೂ ಸ್ವತಂತ್ರವಾಗಿ ಅದೇ ದಾರಿಯಲ್ಲಿ ನಡೆದು, 1984ರಲ್ಲಿ ಥಿಂಕ್‌ಜೆಟ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದರು.

ಈ ಶಾಖಮಾರ್ಗದಲ್ಲಿ ನಡೆಯುವ ಕ್ರಿಯೆ ಅದ್ಭುತವಾದದ್ದು. ತಲೆಗೂದಲಿಗಿಂತ ಎಷ್ಟೋ ಸಣ್ಣದಾದ ರಂಧ್ರವೊಂದರ ಹಿಂದೆ ಶಾಯಿ ತುಂಬಿದ ಅತಿ ಕಿರಿಯ ಕೋಶವಿರುತ್ತದೆ. ಆ ಕೋಶದ ಗೋಡೆಯಲ್ಲಿರುವ ವಿದ್ಯುತ್ತಾಪಕವು ಸೆಕೆಂಡಿನ ಹತ್ತುಲಕ್ಷದಲ್ಲಿ ಕೆಲವೇ ಭಾಗಗಳಷ್ಟು ಕಾಲದಲ್ಲಿ ಸುಮಾರು 300 ಡಿಗ್ರಿಗೆ ಕಾದು, ತನ್ನನ್ನು ತಾಗಿದ ಶಾಯಿಯ ತೆಳುಪದರವನ್ನು ಆವಿಯಾಗಿಸಿ, ಆ ಆವಿಯ ಗುಳ್ಳೆಯ ಒತ್ತಡದಿಂದ ಒಂದು ಹನಿಯನ್ನು ಹೊರಕ್ಕೆ ತಳ್ಳುತ್ತದೆ. ಎಪ್ಸನ್ ಮೊದಲಾದವರು ಹಿಡಿದ ಇನ್ನೊಂದು ಮಾರ್ಗದಲ್ಲಿ ಶಾಖವೇ ಇಲ್ಲ. ವಿದ್ಯುತ್ತು ಹರಿದಾಗ ಆಕಾರವನ್ನು ಕೊಂಚ ಬದಲಿಸಿಕೊಳ್ಳುವ ಸ್ಫಟಿಕಗಳುಂಟು. ಜಾಕ್ ಮತ್ತು ಪಿಯರೆ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದ ಪೀಜೋವಿದ್ಯುತ್ತಿನ ಗುಣವೇ ಇದರ ಮೂಲ. ಅಂಥ ವಸ್ತುವಿನ ಪೊರೆಯೊಂದು ಬಾಗಿ ಕೋಶವನ್ನು ಹಿಂಡಿದಾಗ ಹನಿ ಚಿಮ್ಮುತ್ತದೆ. ಯಾವ ಮಾರ್ಗವಾದರೂ ಹನಿಯ ಗಾತ್ರ ನಮ್ಮ ಕಲ್ಪನೆಗೆ ನಿಲುಕುವಂಥದ್ದಲ್ಲ. ಮೂರು ಪಿಕೊಲೀಟರಿನ ಹನಿಯೊಂದನ್ನು ಗಣಿಸಿದರೆ, ಒಂದು ಮಿಲಿಲೀಟರ್ ಶಾಯಿಯಲ್ಲಿ ಅಂಥವು 33 ಕೋಟಿ ಆಗುತ್ತವೆ. ನಮ್ಮ ಹಿರಿಯರು ದೇವತೆಗಳಿಗೆ ಹೇಳುತ್ತಿದ್ದ ಸಂಖ್ಯೆಯೇ ಇದು. ಇಷ್ಟು ಕಿರಿದಾದ ಹನಿ ಹೊರಬರುವ ಬಾಗಿಲಿಗೆ ಒಣಗಿದ ಶಾಯಿಯ ಕಣವೊಂದು ಅಡ್ಡನಿಂತರೂ ಸಾಕು, ಗಾಳಿಯ ಗುಳ್ಳೆಯೊಂದು ಹಿಂದೆ ಸೇರಿಕೊಂಡರೂ ಸಾಕು, ಹನಿ ಹೊರಡಲಾರದು. ಬರಿ ಹಾಳೆಯ ರಹಸ್ಯದಲ್ಲಿ ಬಹುಭಾಗ ಇಷ್ಟೆ.

ಬಹುಭಾಗ ಎಂದೆನೇ ಹೊರತು ಪೂರ್ಣಭಾಗ ಎನ್ನಲಿಲ್ಲ. ಜನ ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ: ಹಾಳೆ ಬರಿದಾಗಿ ಬಂದೊಡನೆ ರಂಧ್ರ ಕಟ್ಟಿದೆಯೆಂದು ನಿಶ್ಚಯಿಸಿ, ಹೆಡ್ ಕ್ಲೀನಿಂಗ್ ಎಂಬ ಆಜ್ಞೆಯನ್ನು ಮೇಲಿಂದ ಮೇಲೆ ಕೊಡತೊಡಗುತ್ತಾರೆ. ಅದಕ್ಕೆ ಮುನ್ನ ದೋಷ ಯಂತ್ರದಲ್ಲಿದೆಯೋ ಅಥವಾ ಅದಕ್ಕೆ ಆಜ್ಞೆ ಕೊಟ್ಟ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಇದೆಯೋ ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು; ಇದಕ್ಕೆ ಹೆಚ್ಚಿನ ವಿದ್ಯೆಯೇನೂ ಬೇಕಾಗಿಲ್ಲ. ಮೇಲಿನ ಮುಚ್ಚಳದ ಕೆಳಗೆ ಗಾಜಿರುವ, ನಕಲನ್ನೂ ತೆಗೆಯಬಲ್ಲ ಪ್ರಿಂಟರಾದರೆ, ಕಂಪ್ಯೂಟರಿನ ತಂತಿಯನ್ನು ಕಿತ್ತು ಬದಿಗಿಟ್ಟು, ಅಕ್ಷರಗಳಿರುವ ಯಾವುದಾದರೂ ಹಾಳೆಯನ್ನು ಗಾಜಿನ ಮೇಲೆ ಅಕ್ಷರದ ಮುಖ ಕೆಳಗಾಗಿ ಇರಿಸಿ, ಯಂತ್ರದ ಮೇಲಿನ ಗುಂಡಿಯಿಂದಲೇ ಒಂದು ಜೆರಾಕ್ಸ್ ತೆಗೆದು ನೋಡಬೇಕು. ಮುಖ ಕೆಳಗಾಗಿ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಮೇಲ್ಮುಖವಾಗಿ ಇರಿಸಿದ ಹಾಳೆಯ ಬೆನ್ನಿನ ಬಿಳುಪನ್ನೇ ಯಂತ್ರ ನಿಷ್ಠೆಯಿಂದ ನಕಲು ಮಾಡಿ ಕೊಟ್ಟಾಗ, ಇಲ್ಲದ ರೋಗಕ್ಕೆ ಮದ್ದು ಹುಡುಕುತ್ತ ಕಷ್ಟಪಟ್ಟವರಿದ್ದಾರೆ. ನಕಲು ಚೆನ್ನಾಗಿ ಬಂದರೆ ಶಾಯಿ, ರಂಧ್ರ, ಹೆಡ್ಡು ಎಲ್ಲವೂ ಆರೋಗ್ಯವಾಗಿವೆಯೆಂದೇ ಅರ್ಥ. ಆಗ ನೋಡಬೇಕಾದದ್ದು ಕಡತವನ್ನು. ಬರವಣಿಗೆಯ ಕೊನೆಯಲ್ಲಿ ಎಂಟರ್ ಕೀಲಿಯನ್ನು ಹಲವು ಸಲ ಒತ್ತಿ ಬೆಳೆಸಿದ ಖಾಲಿ ಪುಟವೊಂದು ಸೇರಿಕೊಂಡಿರಬಹುದು. ಅಕ್ಷರದ ಬಣ್ಣ ಬಿಳಿಯಾಗಿ ಉಳಿದಿರಬಹುದು. ಕಾಗದದ ಅಳತೆ ಎ4 ಬದಲಿಗೆ ಬೇರೆಯದಾಗಿ ಆಯ್ಕೆಯಾಗಿರಬಹುದು. ಪ್ರಿಂಟರಿನ ಡ್ರೈವರು ಹಳೆಯದಾಗಿ ಅಥವಾ ಬೇರೊಂದು ಮಾದರಿಯದಾಗಿ, ಯಂತ್ರಕ್ಕೆ ಅರ್ಥವಾಗದ ಭಾಷೆಯಲ್ಲಿ ಮಾತನಾಡುತ್ತಿರಬಹುದು. ಡ್ರೈವರನ್ನು ತೆಗೆದುಹಾಕಿ ಮತ್ತೆ ಸ್ಥಾಪಿಸುವುದರಿಂದ ಈ ಕೊನೆಯ ದೋಷ ನಿವಾರಣೆಯಾಗುತ್ತದೆ.

ನಕಲೂ ಬರಿದಾಗಿಯೇ ಬಂದರೆ ಎರಡನೆಯ ಪರೀಕ್ಷೆಗೆ ಹೋಗಬೇಕು. ನಾಜಲ್ ಚೆಕ್ ಎಂದು ಕರೆಯುವ ಈ ಪರೀಕ್ಷೆಯನ್ನು ಬಹುತೇಕ ಎಲ್ಲ ಪ್ರಿಂಟರುಗಳೂ ಕಂಪ್ಯೂಟರಿನ ಸಹಾಯವಿಲ್ಲದೆ, ತಮ್ಮ ಗುಂಡಿಗಳ ಮೂಲಕವೇ ಮಾಡಬಲ್ಲವು. ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ಕೈಪಿಡಿಯನ್ನು ಎಸೆಯದೆ ಇಟ್ಟುಕೊಳ್ಳಬೇಕು. ಹಾಳೆಯ ಮೇಲೆ ಕಪ್ಪು, ನೀಲಿ, ಗುಲಾಬಿ, ಹಳದಿ ಬಣ್ಣಗಳ ಸಣ್ಣ ಸಣ್ಣ ಗೆರೆಗಳು ಜಾಲರಿಯಂತೆ ಮೂಡುತ್ತವೆ. ಈ ಹಾಳೆಯನ್ನು ಓದುವುದು ಒಂದು ಕಲೆ, ಮತ್ತು ಇಡೀ ಚಿಕಿತ್ಸೆ ನಿಂತಿರುವುದು ಈ ಓದಿನ ಮೇಲೆ. ಗೆರೆಗಳು ಅಲ್ಲಲ್ಲಿ ತುಂಡಾಗಿದ್ದರೆ ಕೆಲವು ರಂಧ್ರಗಳು ಮಾತ್ರ ಕಟ್ಟಿವೆ. ಒಂದು ಬಣ್ಣ ಸಂಪೂರ್ಣವಾಗಿ ಮಾಯವಾಗಿ ಉಳಿದವು ಸ್ಪಷ್ಟವಾಗಿದ್ದರೆ ದೋಷ ಆ ಬಣ್ಣದ ದಾರಿಯಲ್ಲಿ ಎಲ್ಲೋ ಇದೆ: ಶಾಯಿ ಮುಗಿದಿರಬೇಕು, ಗಾಳಿ ಹೊಕ್ಕಿರಬೇಕು, ಇಲ್ಲವೇ ಅದರ ರಂಧ್ರಗಳ ಸಾಲೇ ಒಣಗಿರಬೇಕು. ನಾಲ್ಕೂ ಬಣ್ಣಗಳು ಒಮ್ಮೆಗೇ ಇಲ್ಲವಾದರೆ, ನಾಲ್ಕು ಬೇರೆ ಬೇರೆ ಸಾಲುಗಳು ಒಂದೇ ರಾತ್ರಿಯಲ್ಲಿ ಒಣಗಿದುವೆಂದು ಊಹಿಸುವುದಕ್ಕಿಂತ, ನಾಲ್ಕಕ್ಕೂ ಸಮಾನವಾದ ಕಾರಣವೊಂದನ್ನು ಹುಡುಕುವುದು ಯುಕ್ತ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮನೆಗಳಲ್ಲಿ ಮುದ್ರಿಸುವುದರಲ್ಲಿ ಬಹುಪಾಲು ಕಪ್ಪಕ್ಷರದ ಹಾಳೆಗಳಾದ್ದರಿಂದ, ಕಪ್ಪು ಸಾಲೊಂದೇ ನಿಂತುಹೋದರೂ ಹಾಳೆ ಪೂರ್ತಿ ಬರಿದಾಗಿಯೇ ಬಂದು, ಯಂತ್ರವೇ ಸತ್ತಿತೆಂಬ ಭ್ರಮೆ ಹುಟ್ಟಿಸುತ್ತದೆ. ನಾಳೆ ಬೆಳಿಗ್ಗೆ ಪರೀಕ್ಷೆ, ಇಂದು ರಾತ್ರಿ ಹಾಲ್ ಟಿಕೆಟ್ಟು ಬೇಕು ಎಂಬಂಥ ಸಂಕಟದಲ್ಲಿ, ಕಾಗದದ ಬಗೆಯನ್ನು ಫೋಟೊ ಕಾಗದವೆಂದು ಆಯ್ದುಕೊಂಡು ನೋಡಬಹುದು. ಆಗ ಕೆಲವು ಪ್ರಿಂಟರುಗಳು ಕಪ್ಪು ಶಾಯಿಯನ್ನು ಬಿಟ್ಟು ಉಳಿದ ಮೂರು ಬಣ್ಣಗಳನ್ನು ಬೆರೆಸಿ ಕಪ್ಪನ್ನು ಕಟ್ಟುತ್ತವೆ. ನಮ್ಮದೇ ಬರವಣಿಗೆಯಾದರೆ ಅಕ್ಷರದ ಬಣ್ಣವನ್ನು ಕಡುನೀಲಿಗೆ ಬದಲಿಸಿದರೂ ಆಯಿತು. ಇದು ಚಿಕಿತ್ಸೆಯಲ್ಲ, ಆ ರಾತ್ರಿಯನ್ನು ಕಳೆಯುವ ಉಪಾಯ.

ಬಣ್ಣಗಳೆಲ್ಲ ಒಮ್ಮೆಗೇ ನಿಲ್ಲುವ ಸಮಾನಕಾರಣಗಳಲ್ಲಿ ಅತ್ಯಂತ ಸರಳವಾದದ್ದು ಹೊಸ ಕಾರ್ಟ್ರಿಜ್ಜಿಗೆ ಅಂಟಿಸಿದ ಪಟ್ಟಿ. ಕಾರ್ಖಾನೆಯಿಂದ ಬರುವಾಗ ರಂಧ್ರಗಳ ಮೇಲೋ ಗಾಳಿಕಿಂಡಿಯ ಮೇಲೋ ಕಿತ್ತಳೆಯಂಥ ಎದ್ದುಕಾಣುವ ಬಣ್ಣದ ಟೇಪೊಂದನ್ನು ಅಂಟಿಸಿರುತ್ತಾರೆ. ಅದನ್ನು ಪೂರ್ತಿಯಾಗಿ ಕೀಳದಿದ್ದರೆ ಹನಿ ಬರುವುದಿಲ್ಲ. ರಂಧ್ರದ ಮೇಲಿನ ಟೇಪು ದಾರಿಯನ್ನೇ ಮುಚ್ಚುವುದು ಎಲ್ಲರಿಗೂ ತಿಳಿಯುತ್ತದೆ. ಆದರೆ ಗಾಳಿಕಿಂಡಿಯದು ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ: ಶಾಯಿ ಹೊರಗೆ ಹೋದಷ್ಟೂ ಅದರ ಜಾಗಕ್ಕೆ ಗಾಳಿ ಒಳಗೆ ಬರಬೇಕು, ಬರದಿದ್ದರೆ ಒಳಗೆ ನಿರ್ವಾತವೇರ್ಪಟ್ಟು, ಮೊದಲ ಒಂದೆರಡು ಹಾಳೆ ಚೆನ್ನಾಗಿ ಬಂದು ಮುಂದಿನವು ಮಂಕಾಗಿ, ಆಮೇಲಿನವು ಬರಿದಾಗುತ್ತವೆ. ಟೇಪನ್ನು ಕೀಳುವ ಉತ್ಸಾಹದಲ್ಲಿ ತಾಮ್ರದ ಬಣ್ಣದ ಸಂಪರ್ಕಪಟ್ಟಿಯನ್ನು ಬೆರಳಿನಿಂದ ಮುಟ್ಟಬಾರದು.

ಟ್ಯಾಂಕಿನ ಪ್ರಿಂಟರುಗಳ ವಿಷಯ ಬೇರೆ, ಮತ್ತು ನಮ್ಮ ಕಡೆ ಈಗ ಇವೇ ಹೆಚ್ಚು ಬಳಕೆಯಲ್ಲಿರುವುದರಿಂದ ಕೊಂಚ ವಿಸ್ತಾರವಾಗಿ ಹೇಳಬೇಕು. ಇವುಗಳಲ್ಲಿ ಶಾಯಿಯ ಬುಗ್ಗೆ ಒಂದು ಕಡೆ, ಅದನ್ನು ಚಿಮ್ಮಿಸುವ ಹೆಡ್ಡು ಇನ್ನೊಂದು ಕಡೆ. ನಡುವೆ ಮೆತ್ತನೆಯ ಸಣ್ಣ ಕೊಳವೆಗಳು. ಮಲಪನಗುಡಿಯ ಸುತ್ತಿನ ಕಬ್ಬಿನ, ಬಾಳೆಯ ತೋಟಗಳಲ್ಲಿ ಪಂಪ್‌ಸೆಟ್ ನಡೆಸುವವರಿಗೆ ಇದರ ಮರ್ಮವನ್ನು ವಿವರಿಸಬೇಕಾದದ್ದಿಲ್ಲ: ಫುಟ್‌ವಾಲ್ವ್ ಸೋರಿ ಹೀರುಕೊಳವೆಯಲ್ಲಿ ಗಾಳಿ ಸೇರಿಕೊಂಡರೆ ಮೋಟಾರು ಎಷ್ಟು ತಿರುಗಿದರೂ ನೀರು ಮೇಲೇರುವುದಿಲ್ಲ, ಬಾವಿ ತುಂಬಿಯೇ ಇದ್ದರೂ ಕಾಲುವೆ ಒಣಗಿಯೇ ಇರುತ್ತದೆ. ಟ್ಯಾಂಕಿನಲ್ಲಿ ಶಾಯಿ ಕೆಳಗೆರೆಯನ್ನೂ ದಾಟಿ ಇಳಿಯುವವರೆಗೆ ಅಲಕ್ಷ್ಯ ಮಾಡಿದರೆ ಆಗುವುದು ಇದೇ. ಆಮೇಲೆ ಟ್ಯಾಂಕನ್ನು ಕಂಠದವರೆಗೆ ತುಂಬಿದರೂ ಕೊಳವೆಯಲ್ಲಿರುವ ಗಾಳಿ ತಾನಾಗಿ ಹೊರಡುವುದಿಲ್ಲ. ಟಾರ್ಚಿನ ಬೆಳಕನ್ನು ಹಿಡಿದು ಕೊಳವೆಗಳನ್ನು ನೋಡಿದರೆ ಬಣ್ಣದ ನಡುವೆ ಬಿಳಿಯ ಖಾಲಿತುಂಡುಗಳು ಕಾಣಬಹುದು. ಇಂಥ ಸಂದರ್ಭಕ್ಕಾಗಿಯೇ ಕೊಳವೆಯ ಶಾಯಿಯನ್ನೆಲ್ಲ ಬಲವಾಗಿ ಎಳೆದು ಬದಲಿಸುವ ದೊಡ್ಡ ಶುದ್ಧಿಯೊಂದನ್ನು ತಯಾರಕರು ಒದಗಿಸಿರುತ್ತಾರೆ. ಪವರ್ ಕ್ಲೀನಿಂಗ್ ಎಂದೋ ಇಂಕ್ ಫ್ಲಷ್ ಎಂದೋ ಇದಕ್ಕೆ ಹೆಸರು. ಎಲ್ಲ ಟ್ಯಾಂಕುಗಳಲ್ಲೂ ಕನಿಷ್ಠ ಮೂರನೆಯ ಒಂದು ಪಾಲಾದರೂ ಶಾಯಿ ಇರುವುದನ್ನು ಖಚಿತಪಡಿಸಿಕೊಂಡೇ ಇದನ್ನು ನಡೆಸತಕ್ಕದ್ದು, ಇಲ್ಲವಾದರೆ ಗಾಳಿಯನ್ನು ತೆಗೆಯಲು ಹೋಗಿ ಇನ್ನಷ್ಟು ಗಾಳಿಯನ್ನು ತುಂಬಿದಂತಾಗುತ್ತದೆ. ಇನ್ನು, ಮನೆ ಬದಲಿಸಿದ ಮೇಲೋ ರಿಪೇರಿಯಿಂದ ತಂದ ಮೇಲೋ ಹಾಳೆ ಬರಿದಾಗತೊಡಗಿದ್ದರೆ, ಟ್ಯಾಂಕಿನ ಬದಿಯಲ್ಲಿ ಸಾಗಣೆಯ ಬೀಗ ಇದೆಯೇ ಎಂದು ಮೊಟ್ಟಮೊದಲು ನೋಡಬೇಕು. ಎಪ್ಸನ್ನಿನ ಹಳೆಯ ಟ್ಯಾಂಕ್ ಮಾದರಿಗಳಲ್ಲಿ ಇಂಥದ್ದೊಂದು ತಿರುಪು ಇರುತ್ತಿತ್ತು. ಅದನ್ನು ಸಾಗಣೆಯ ಗುರುತಿಗೆ ತಿರುಗಿಸಿದರೆ ಶಾಯಿಯ ಹರಿವು ನಿಲ್ಲುತ್ತದೆ, ಮುದ್ರಣದ ಗುರುತಿಗೆ ತಿರುಗಿಸಿದರೆ ಹರಿಯುತ್ತದೆ. ಇದನ್ನು ಮರೆತು ಹೊಸ ಹೆಡ್ಡಿಗೆ ಹಣ ತೆರಲು ಸಿದ್ಧರಾಗುವವರನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ.

ಈಗ ಒಣಗುವಿಕೆಯ ಮಾತು. ಈ ಶಾಯಿಯಲ್ಲಿ ಬಹುಭಾಗ ನೀರು; ಅದು ಬೇಗ ಆರದಿರಲೆಂದು ಗ್ಲಿಸರಿನ್‌ನಂಥ ದ್ರವ್ಯಗಳನ್ನು ಬೆರೆಸಿರುತ್ತಾರೆ. ಕೆಲಸವಿಲ್ಲದಾಗ ಹೆಡ್ಡು ಯಂತ್ರದ ಒಂದು ಮೂಲೆಗೆ ಸರಿದು, ಅಲ್ಲಿರುವ ರಬ್ಬರಿನ ಅಂಚುಳ್ಳ ತೊಟ್ಟಿಲಿನ ಮೇಲೆ ಕುಳಿತು, ಗಾಳಿಯಾಡದಂತೆ ಮುಚ್ಚಿಕೊಂಡು ವಿಶ್ರಮಿಸುತ್ತದೆ. ಆ ಮುಚ್ಚಿಗೆ ಬಿಗಿಯಾಗಿರುವಷ್ಟು ದಿನ ರಂಧ್ರಗಳು ತೇವವಾಗಿರುತ್ತವೆ. ನಮ್ಮ ದೊಡ್ಡ ತಪ್ಪು ಇಲ್ಲಿ ನಡೆಯುತ್ತದೆ: ಪ್ರಿಂಟರನ್ನು ಅದರ ಸ್ವಂತ ಗುಂಡಿಯಿಂದ ಆರಿಸದೆ ಗೋಡೆಯ ಸ್ವಿಚ್ಚನ್ನೋ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ಚನ್ನೋ ಆರಿಸಿಬಿಡುತ್ತೇವೆ. ಗುಂಡಿಯನ್ನು ಒತ್ತಿದಾಗ ಕೇಳಿಬರುವ ಕೆಲವು ಕ್ಷಣಗಳ ಸದ್ದು ಹೆಡ್ಡು ತನ್ನ ಮನೆಗೆ ಸೇರಿ ಬಾಗಿಲು ಹಾಕಿಕೊಳ್ಳುವ ಸದ್ದು. ಅದಕ್ಕೆ ಅವಕಾಶ ಕೊಡದೆ ವಿದ್ಯುತ್ತನ್ನು ಕಡಿದರೆ ಅದು ಇದ್ದಲ್ಲೇ, ರಂಧ್ರಗಳು ತೆರೆದುಕೊಂಡು ನಿಂತುಬಿಡಬಹುದು. ಮುದ್ರಣದ ನಡುವೆ ಕರೆಂಟು ಹೋದಾಗಲೂ ಇದೇ ಗತಿ. ಏಪ್ರಿಲ್ ತಿಂಗಳ ಮಧ್ಯಾಹ್ನವೊಂದರಲ್ಲಿ, ಒಣಗಾಳಿ ಬೀಸುವ ಕಿಟಕಿಯ ಬಳಿ, ಹೀಗೆ ತೆರೆದ ಬಾಯಿಯಲ್ಲಿ ನಿಂತ ಹೆಡ್ಡು ಎಷ್ಟು ಬೇಗ ಒಣಗುವುದೆಂಬುದನ್ನು ನಮ್ಮ ಸೀಮೆಯವರು ಸುಲಭವಾಗಿ ಊಹಿಸಬಲ್ಲರು. ಕರೆಂಟು ಮರಳಿ ಬಂದೊಡನೆ, ಮುದ್ರಿಸುವ ಅಗತ್ಯವಿಲ್ಲದಿದ್ದರೂ ಸರಿಯೆ, ಪ್ರಿಂಟರನ್ನು ಒಮ್ಮೆ ಹಚ್ಚಿ, ಅದು ಸ್ವಸ್ಥಾನಕ್ಕೆ ಬರುವವರೆಗೆ ಕಾದು, ಗುಂಡಿಯಿಂದಲೇ ಆರಿಸಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಪ್ರಿಂಟರಿನ ಸಾಕೆಟ್ಟನ್ನು ಅದರ ಸಾಲಿಗೆ ಸೇರಿಸುವುದು ಉತ್ತಮ. ಈ ಬಗೆಯ ಪ್ರಿಂಟರಿಗೆ ಬೇಕಾಗುವ ವಿದ್ಯುತ್ತು ಅತ್ಯಲ್ಪ.

ಧೂಳಿನ ಅಪಾಯ ಇದಕ್ಕಿಂತ ಗುಪ್ತವಾದದ್ದು. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಬದಿಯ ಮನೆಗಳಲ್ಲಿ ಕಪಾಟಿನೊಳಗಿನ ಪುಸ್ತಕದ ಮೇಲೂ ಕೆಂಪು ಪದರವೊಂದು ಕೂರುತ್ತದೆಯಷ್ಟೆ; ಅದೇ ಧೂಳು ಹೆಡ್ಡು ಕೂರುವ ರಬ್ಬರಿನ ಅಂಚಿನ ಮೇಲೆ ಶಾಯಿಯೊಡನೆ ಬೆರೆತು ಗಟ್ಟಿಯಾದರೆ, ಮುಚ್ಚಿಗೆ ಸಡಿಲವಾಗುತ್ತದೆ. ಆಗ ಎರಡು ವಿಧವಾದ ಹಾನಿ: ರಂಧ್ರಗಳು ಒಣಗುವುದು ಒಂದು, ಶುದ್ಧಿಗಾಗಿ ಕೆಳಗಿನಿಂದ ಪಂಪು ಶಾಯಿಯನ್ನು ಹೀರುವಾಗ ಅಂಚಿನ ಸಂದಿಯಿಂದ ಬರಿ ಗಾಳಿಯೇ ಬಂದು ಶಾಯಿ ಇಳಿಯದೇ ಹೋಗುವುದು ಇನ್ನೊಂದು. ಎಷ್ಟು ಕ್ಲೀನಿಂಗ್ ಕೊಟ್ಟರೂ ನಾಲ್ಕೂ ಬಣ್ಣಗಳು ಬಾರದಿರುವುದಕ್ಕೆ ಇದು ಬಹು ಸಾಮಾನ್ಯವಾದ ಕಾರಣ, ಆದರೆ ಬಹು ಕಡಮೆ ಜನ ಗಮನಿಸುವ ಕಾರಣ. ಹೆಡ್ಡು ಬದಿಗೆ ಸರಿದಿರುವಾಗ ಆ ರಬ್ಬರಿನ ಅಂಚನ್ನು, ನೂಲು ಬಿಡದ ಬಟ್ಟೆಯ ತುದಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ತೋಯಿಸಿ, ಮೃದುವಾಗಿ ಒರೆಸಬೇಕು. ಬೋರ್‌ವೆಲ್ಲಿನ ನೀರು ಇದಕ್ಕೆ ಸಲ್ಲದು. ಅದರಲ್ಲಿರುವ ಲವಣ ಆರಿದಮೇಲೆ ಬಿಳಿಯ ಪುಡಿಯಾಗಿ ಉಳಿದು, ನಾವು ತೆಗೆಯಲು ಹೊರಟ ಅಡಚಣೆಯನ್ನು ನಾವೇ ಹೊಸದಾಗಿ ಇಟ್ಟಂತಾಗುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಗಳಲ್ಲಿ ದೊರೆಯುತ್ತದೆ. ಯಂತ್ರದ ಮೇಲೆ ತೆಳುವಾದ ಬಟ್ಟೆಯೊಂದನ್ನು ಸದಾ ಹೊದಿಸಿಡುವುದಂತೂ ನಮ್ಮ ಪ್ರಾಂತದಲ್ಲಿ ಕಡ್ಡಾಯವೆಂದೇ ಹೇಳುತ್ತೇನೆ.

ರಿಪೇರಿ ಅಂಗಡಿಗೆ ಪ್ರಿಂಟರನ್ನು ಒಯ್ದರೆ, ಕೆಲಸ ಬಲ್ಲವನು ಮುಚ್ಚಳ ತೆರೆಯುವ ಮೊದಲು ಕೇಳುವ ಪ್ರಶ್ನೆ ಒಂದೇ: “ಎಷ್ಟ್ ಸಲ ಹೆಡ್ ಕ್ಲೀನಿಂಗ್ ಕೊಟ್ಟೀರಿ ಸರ?” “ಲೆಕ್ಕ ಇಟ್ಟಿಲ್ರೀ, ಹತ್ತ್ ಹನ್ನೆರಡ್ ಆಗಿರಬೇಕು” ಎಂಬ ಉತ್ತರ ಬಂದರೆ ಅವನ ಮುಖ ಗಂಭೀರವಾಗುತ್ತದೆ. ಅವನ ಗಾಂಭೀರ್ಯಕ್ಕೆ ಆಧಾರವಿದೆ. ಪ್ರತಿ ಶುದ್ಧಿಯಲ್ಲೂ ಹೀರಿದ ಶಾಯಿ ಯಂತ್ರದ ತಳದಲ್ಲಿರುವ ಹೀರುಹಾಸಿನೊಳಕ್ಕೆ ಹೋಗುತ್ತದೆ. ಯಂತ್ರ ಅದರ ಲೆಕ್ಕವಿಟ್ಟಿರುತ್ತದೆ. ಹಾಸು ತುಂಬಿತೆಂದು ಲೆಕ್ಕ ಹೇಳಿದ ದಿನ ಅದು ಮುದ್ರಣವನ್ನೇ ನಿಲ್ಲಿಸುತ್ತದೆ. ಹೀಗೆ ಒಂದು ದೋಷವನ್ನು ಕಳೆಯಲು ಹೋದವರು ದುಬಾರಿ ಶಾಯಿಯನ್ನು ಚೆಲ್ಲಿ, ಇನ್ನೊಂದು ದೋಷವನ್ನು ಕೊಂಡುಕೊಳ್ಳುತ್ತಾರೆ. ಟ್ಯಾಂಕಿನ ಅನೇಕ ಮಾದರಿಗಳ ಕೈಪಿಡಿಗಳೇ ಹೇಳುವ ಕ್ರಮ ಇದಕ್ಕೆ ವಿರುದ್ಧವಾಗಿದೆ: ಒಂದು ಶುದ್ಧಿ, ಒಂದು ನಾಜಲ್ ಚೆಕ್, ಹೀಗೆ 3 ಸಲ ಮಾಡಿಯೂ ಗುಣ ಕಾಣದಿದ್ದರೆ ಯಂತ್ರವನ್ನು ಆರಿಸಿ, ಕನಿಷ್ಠ 12 ಗಂಟೆ ಮುಟ್ಟದೆ ಬಿಟ್ಟು, ಮತ್ತೆ ಪರೀಕ್ಷಿಸಬೇಕು. ಆ 12 ಗಂಟೆ ವ್ಯರ್ಥವಲ್ಲ. ಮುಚ್ಚಿದ ಹೆಡ್ಡಿನ ಕೆಳಗೆ ಹೊಸ ಶಾಯಿಯ ತೇವ ಹಳೆಯ ಹೆಪ್ಪನ್ನು ನೆನೆಸುತ್ತದೆ, ಸಣ್ಣ ಗುಳ್ಳೆಗಳು ಮೇಲೆದ್ದು ಒಡೆಯುತ್ತವೆ. ಎಷ್ಟೋ ಪ್ರಿಂಟರುಗಳು ರಾತ್ರಿ ಬರಿ ಹಾಳೆ ಕೊಟ್ಟು ಬೆಳಿಗ್ಗೆ ಅಕ್ಷರ ಕೊಡುವುದು ಇದರಿಂದಲೇ. ಕಾಯುವ ಶಕ್ತಿಯೇ ಇಲ್ಲಿ ದೊಡ್ಡ ಔಷಧವೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ, ಮತ್ತು ಈ ಲೇಖನದಿಂದ ಓದುಗರು ಒಂದೇ ವಿಷಯವನ್ನು ನೆನಪಿನಲ್ಲಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಲಿ ಎಂದು ಬಯಸುತ್ತೇನೆ.

ಹೆಡ್ಡು ಕಾರ್ಟ್ರಿಜ್ಜಿನ ಜೊತೆಗೇ ಇರುವ ಎಚ್‌ಪಿ, ಕ್ಯಾನನ್ ಮಾದರಿಗಳಲ್ಲಿ ಕೈಚಿಕಿತ್ಸೆಗೂ ಅವಕಾಶವುಂಟು. ಕಾರ್ಟ್ರಿಜ್ಜನ್ನು ಹೊರತೆಗೆದು, ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿ ಹಿಂಡಿದ ಟಿಶ್ಯೂ ಕಾಗದದ ಮಡಿಕೆಯ ಮೇಲೆ ಅದರ ರಂಧ್ರಫಲಕವನ್ನು ಒಂದೆರಡು ನಿಮಿಷ ಕೂರಿಸಿದರೆ, ಹೆಪ್ಪು ಕರಗಿ ಕಾಗದದ ಮೇಲೆ ಬಣ್ಣದ ಪಟ್ಟಿಗಳು ಮೂಡುತ್ತವೆ. ಕಪ್ಪು ಕಾರ್ಟ್ರಿಜ್ಜಿನಲ್ಲಿ ಒಂದು ಪಟ್ಟಿ, ಬಣ್ಣದ್ದರಲ್ಲಿ ಮೂರು. ಯಾವುದು ಮೂಡಲಿಲ್ಲವೋ ಅದರಲ್ಲಿ ಶಾಯಿ ತೀರಿದೆ ಅಥವಾ ದಾರಿ ಇನ್ನೂ ಕಟ್ಟಿದೆ. ಶಾಖಮಾರ್ಗದ ಈ ಹೆಡ್ಡುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ: ಶಾಯಿ ಬಾರದಿದ್ದರೂ ಮುದ್ರಿಸುತ್ತಲೇ ಹೋದರೆ, ತಂಪುಗೊಳಿಸುವ ಶಾಯಿಯಿಲ್ಲದೆ ತಾಪಕಗಳು ಸುಟ್ಟುಹೋಗುತ್ತವೆ, ಆಮೇಲೆ ಯಾವ ತೊಳೆತವೂ ಅವನ್ನು ಬದುಕಿಸಲಾರದು. ಸಿರಿಂಜಿನಿಂದ ಬಲವಾಗಿ ನೀರು ನುಗ್ಗಿಸುವುದು, ಕೂದಲೊಣಗಿಸುವ ಯಂತ್ರದ ಬಿಸಿಗಾಳಿ ಹಿಡಿಯುವುದು, ಸೂಜಿಯಿಂದ ಕೆರೆಯುವುದು ಇವೆಲ್ಲ ನಿಷಿದ್ಧವೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಕೊಳವೆಯಲ್ಲಿ ಶಾಯಿ ತುಂಬಿದೆ, ಮುಚ್ಚಿಗೆ ಶುಭ್ರವಾಗಿದೆ, ಹೀರುವ ಪಂಪು ಶಾಯಿಯನ್ನು ಎಳೆಯುತ್ತಿದೆ, ಕಾದದ್ದೂ ಆಯಿತು. ಆದರೂ ನಾಲ್ಕು ಬಣ್ಣಗಳಲ್ಲಿ ಒಂದು ಗೆರೆಯೂ ಇಲ್ಲವೆಂದಾದರೆ ದೋಷ ವಿದ್ಯುತ್ತಿನದು. ಹೆಡ್ಡಿಗೆ ಆಜ್ಞೆಯನ್ನೊಯ್ಯುವ ಚಪ್ಪಟೆಯಾದ ಕೇಬಲ್ಲು ಸಡಿಲಗೊಂಡಿರಬಹುದು, ಬೋರ್ಡಿನಲ್ಲಿ ಹೆಡ್ಡಿನ ಫ್ಯೂಸು ಹೋಗಿರಬಹುದು, ಹೆಡ್ಡೇ ಹೋಗಿರಬಹುದು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಕ್ಯಾನನ್, ಎಚ್‌ಪಿಯ ಟ್ಯಾಂಕ್ ಮಾದರಿಗಳಲ್ಲಿ ಹಲವಕ್ಕೆ ಹೆಡ್ಡನ್ನು ಬಿಡಿಯಾಗಿ ಕೊಂಡು ಬದಲಿಸಬಹುದಾದ್ದರಿಂದ ಅಲ್ಲಿ ನಿರ್ಧಾರ ಸುಲಭ. ಎಪ್ಸನ್ನಿನಲ್ಲಿ ಹೆಡ್ಡು ಯಂತ್ರದ ಶಾಶ್ವತ ಅಂಗವಾದ್ದರಿಂದ ಅದರ ಬೆಲೆಯನ್ನು ಹೊಸ ಪ್ರಿಂಟರಿನ ಬೆಲೆಯೊಡನೆ ಹೋಲಿಸಿ ನೋಡಿಯೇ ಮುಂದುವರಿಯಬೇಕು. ಲೇಸರ್ ಪ್ರಿಂಟರಿನ ಬರಿ ಹಾಳೆಗೆ ಇಲ್ಲಿ ಶಾಯಿ, ರಂಧ್ರ, ಹೆಡ್ಡುಗಳ ವಿಷಯದಲ್ಲಿ ಹೇಳಿದ ಯಾವುದೂ ಅನ್ವಯಿಸುವುದಿಲ್ಲ. ಅದರಲ್ಲಿರುವುದು ದ್ರವವಲ್ಲ, ಪುಡಿ.

ರಂಧ್ರಗಳು ಕಟ್ಟದಂತೆ ನೋಡಿಕೊಳ್ಳುವವರು ವಾರಕ್ಕೊಮ್ಮೆ, ಬೇಸಗೆಯಲ್ಲಿ ಎರಡು ಸಲ, ನಾಲ್ಕೂ ಬಣ್ಣಗಳು ಸೇರಿದ ಒಂದು ಸಣ್ಣ ಚಿತ್ರವನ್ನು ಮುದ್ರಿಸಿದರೆ ಸಾಕು. ಶಾಲೆಗೆ ರಜೆಯೆಂದು ಎರಡು ತಿಂಗಳು ಪ್ರಿಂಟರನ್ನು ಮರೆಯುವ ಮನೆಗಳಲ್ಲಿ ಜೂನ್ ತಿಂಗಳ ಮೊದಲ ಹಾಳೆ ಬರಿದಾಗುವ ಸಂಭವ ಹೆಚ್ಚು. ಇಷ್ಟರ ಮೇಲೂ ರಿಪೇರಿಗೆ ಒಯ್ಯಬೇಕಾಗಿ ಬಂದರೆ, ಸಾಗಣೆಯ ಬೀಗವಿದ್ದಲ್ಲಿ ಅದನ್ನು ಹಾಕಿ, ಟ್ಯಾಂಕಿನ ಮುಚ್ಚಳಗಳನ್ನು ಬಿಗಿಮಾಡಿ, ಬಸ್ಸಿನಲ್ಲಾಗಲಿ ಆಟೊದಲ್ಲಾಗಲಿ ಯಂತ್ರವನ್ನು ಓರೆಯಾಗದಂತೆ, ಮಟ್ಟಸವಾಗಿ, ತೊಡೆಯ ಮೇಲೆ ಇಟ್ಟುಕೊಂಡು ಹೋಗಬೇಕು; ಮತ್ತು ಹೊರಡುವ ಮುನ್ನ ತೆಗೆದ ನಾಜಲ್ ಚೆಕ್ಕಿನ ಹಾಳೆಯನ್ನು, ಅದು ಪೂರ್ತಿ ಬರಿದೇ ಆಗಿದ್ದರೂ, ಹಿಂಬದಿಯಲ್ಲಿ ದಿನಾಂಕವನ್ನೂ ಅದುವರೆಗೆ ಕೊಟ್ಟ ಕ್ಲೀನಿಂಗುಗಳ ಸಂಖ್ಯೆಯನ್ನೂ ಬರೆದು, ಜೊತೆಗೆ ಒಯ್ಯಬೇಕು. ಅಂಗಡಿಯವನಿಗೆ ಅರ್ಧ ಕೆಲಸ ಅದರಿಂದಲೇ ಉಳಿಯುತ್ತದೆ.